ಎಷ್ಟು ಕಿಲೋವ್ಯಾಟ್ ಅಂತ ಕೇಳಿದರೆ ಸಾಲದು: ಫೈಬರ್ ಲೇಸರ್ ಒಳಗೆ ಏನು ನಡೆಯುತ್ತದೆ?

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಆಸುಪಾಸಿನಲ್ಲಿ ಓಡಾಡಿದವರಿಗೆ ಈ ಬೋರ್ಡುಗಳು ಗೊತ್ತು. ಲೇಸರ್ ಕಟಿಂಗ್, ಬೆಂಡಿಂಗ್, ವೆಲ್ಡಿಂಗ್, ಜಾಬ್ ವರ್ಕ್. ಬೋರ್ಡು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಶೆಡ್ಡಿನೊಳಗೆ ಮಾತು ಮಾತ್ರ ಕನ್ನಡ, ತೆಲುಗು, ತಮಿಳು ಮೂರೂ ಕಲಸಿ ನಡೆಯುತ್ತದೆ. ಡ್ರಾಯಿಂಗ್ ಹಿಡಿದು ಬಂದ ಗಿರಾಕಿ ಮೊದಲು ಕೇಳುವುದು ಒಂದೇ ಪ್ರಶ್ನೆ: "ನಿಮ್ಮದು ಎಷ್ಟು ಕಿಲೋವ್ಯಾಟ್ ಮಷಿನ್ನು?" ಮೂರು ಅಂದರೆ ಮುಖ ಸಣ್ಣದಾಗುತ್ತದೆ. ಹನ್ನೆರಡು ಅಂದರೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಅರ್ಧ ಪ್ರಶ್ನೆ. ಉಳಿದರ್ಧ ಏನು ಅಂತ ತಿಳಿಯಬೇಕಾದರೆ ಆ ಯಂತ್ರದ ಪಕ್ಕದಲ್ಲಿ ಸುಮ್ನೆ ನಿಂತಿರುವ ಬೀರುವಿನಂಥ ಡಬ್ಬಿಯೊಳಗೆ ಇಣುಕಬೇಕು.

ಮೊದಲು ಒಂದು ಲೆಕ್ಕ. 6 ಕಿಲೋವ್ಯಾಟ್ ಬೆಳಕನ್ನು 0.1 ಮಿಲಿಮೀಟರ್ ಅಗಲದ ಚುಕ್ಕೆಗೆ ಇಳಿಸಿದರೆ, ಒಂದು ಚದರ ಮಿಲಿಮೀಟರ್‌ಗೆ ಸುಮಾರು 7.6 ಲಕ್ಷ ವ್ಯಾಟ್ ಬಿದ್ದ ಹಾಗಾಯಿತು. ನಡುಮಧ್ಯಾಹ್ನದ ಬಿಸಿಲು ಅಷ್ಟೇ ಜಾಗಕ್ಕೆ ಕೊಡುವುದು ಒಂದು ವ್ಯಾಟ್‌ನ ಸಾವಿರದ ಒಂದು ಭಾಗ. ಅಂದರೆ ಬಿಸಿಲಿನ 76 ಕೋಟಿ ಪಟ್ಟು. ಉಕ್ಕು ಕರಗದೆ ಏನು ಮಾಡೀತು? ಈಗ ಅದೇ 6 ಕಿಲೋವ್ಯಾಟನ್ನು ಒಂದು ತಟ್ಟೆಯಗಲಕ್ಕೆ ಹರಡಿ. ತಗಡು ಬಿಸಿಯಾಗುತ್ತದೆ, ಅಷ್ಟೆ. ಹಾಗಾಗಿ ವ್ಯಾಟ್ ಎಷ್ಟು ಮುಖ್ಯವೋ, ಅದನ್ನು ಎಷ್ಟು ಸಣ್ಣ ಜಾಗಕ್ಕೆ, ಎಷ್ಟು ನೇರವಾಗಿ ಕಳಿಸಬಹುದು ಎಂಬುದೂ ಅಷ್ಟೇ ಮುಖ್ಯ. ಇದಕ್ಕೆ ಹೊಳಪು ಅನ್ನೋಣ. ಫೈಬರ್ ಲೇಸರ್, ಅಂದರೆ ಗಾಜಿನ ಎಳೆಯೊಳಗೆ ಬೆಳಕು ಹುಟ್ಟಿಸುವ ಲೇಸರ್, ಗೆದ್ದಿದ್ದು ಈ ಹೊಳಪಿನ ಆಟದಲ್ಲಿ.

ಇದಕ್ಕೂ ಮುಂಚೆ ಲೇಸರ್ ಕಟಿಂಗ್ ಅಂದರೆ ಕಾರ್ಬನ್ ಡೈಆಕ್ಸೈಡ್ ಲೇಸರ್. ಅದನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್. ಕೊಳವೆಯಲ್ಲಿ ಕಾರ್ಬನ್ ಡೈಆಕ್ಸೈಡ್, ನೈಟ್ರೋಜನ್, ಹೀಲಿಯಂ ಮಿಶ್ರಣ ತುಂಬಿ ವಿದ್ಯುತ್ ಹಾಯಿಸಿದರೆ 10.6 ಮೈಕ್ರೋಮೀಟರ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗ ಒಂದು ಮೈಕ್ರೋಮೀಟರ್) ತರಂಗಾಂತರದ ಬೆಳಕು ಬರುತ್ತದೆ. ಕಣ್ಣಿಗೆ ಕಾಣದ ಬೆಳಕು. ದಶಕಗಳ ಕಾಲ ಜಗತ್ತು ಲೇಸರ್‌ನಲ್ಲಿ ತಗಡು ಕತ್ತರಿಸಿದ್ದು ಹೆಚ್ಚಾಗಿ ಇದರಲ್ಲೇ. ತೊಂದರೆ ಏನೆಂದರೆ ಈ ಬೆಳಕು ಗಾಜಿನೊಳಗೆ ಹೋಗುವುದೇ ಇಲ್ಲ. ಹಾಗಾಗಿ ಕನ್ನಡಿಗಳ ಮೇಲೆ ಪುಟಿಸಿ ಪುಟಿಸಿ, ತಗಡಿನ ಮೇಲೆ ಓಡುವ ಕಟಿಂಗ್ ಹೆಡ್‌ವರೆಗೆ ತರಬೇಕು. ಒಂದು ಕನ್ನಡಿ ಕೂದಲೆಳೆಯಷ್ಟು ವಾಲಿದರೂ, ಸ್ವಲ್ಪ ಧೂಳು ಕೂತರೂ ಆ ದಿನದ ಕೆಲಸ ಹಾಳು. ವಿದ್ಯುತ್ ಬೇರೆ ಜಾಸ್ತಿ ತಿನ್ನುತ್ತಿತ್ತು. ನೂರು ಯೂನಿಟ್ ಕೊಟ್ಟರೆ ಹತ್ತರಷ್ಟು ಬೆಳಕಾಗಿ ಬಂದರೆ ದೊಡ್ಡದು.

ಫೈಬರ್ ಲೇಸರ್ ಡಬ್ಬಿ ತೆರೆದು ನೋಡಿದರೆ ಸ್ವಲ್ಪ ನಿರಾಸೆಯೇ ಆಗುತ್ತದೆ. ಗ್ಯಾಸ್ ಇಲ್ಲ, ಕನ್ನಡಿ ಇಲ್ಲ, ಹೊಳೆಯುವ ಕೊಳವೆ ಇಲ್ಲ. ತಣ್ಣೀರು ಹರಿಯುವ ಲೋಹದ ಹಲಗೆ. ಅದರ ಮೇಲೆ ಸುರುಳಿ ಸುತ್ತಿದ ಗಾಜಿನ ಎಳೆ, ಕೆಲವು ಮೀಟರ್‌ಗಳಿಂದ ಹತ್ತಾರು ಮೀಟರ್ ಉದ್ದ. ಪಕ್ಕದಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಲೋಹದ ಪೆಟ್ಟಿಗೆಗಳ ಸಾಲು. ಈ ಪೆಟ್ಟಿಗೆಗಳಲ್ಲಿ ಇರುವುದು ಡಯೋಡ್ ಲೇಸರ್‌ಗಳು, ಅಂದರೆ ಸೆಮಿಕಂಡಕ್ಟರ್ ಚಿಪ್‌ಗಳು. ಇವು 915 ಅಥವಾ 976 ನ್ಯಾನೋಮೀಟರ್ (ಸಾವಿರ ನ್ಯಾನೋಮೀಟರ್ ಸೇರಿದರೆ ಒಂದು ಮೈಕ್ರೋಮೀಟರ್) ತರಂಗಾಂತರದ ಬೆಳಕು ಕೊಡುತ್ತವೆ. ವಿದ್ಯುತ್ತನ್ನು ಬೆಳಕು ಮಾಡುವುದರಲ್ಲಿ ಇವು ಬಹಳ ಚುರುಕು, ಕೊಟ್ಟಿದ್ದರಲ್ಲಿ ಅರ್ಧದಷ್ಟನ್ನು ಬೆಳಕಾಗಿಸುತ್ತವೆ. ಆದರೆ ಆ ಬೆಳಕು ಶಿಸ್ತಿಲ್ಲದ್ದು. ಹೊರಗೆ ಬಂದ ತಕ್ಷಣ ಹರಡಿಕೊಳ್ಳುತ್ತದೆ. ನೇರವಾಗಿ ಅದನ್ನೇ ತಗಡಿನ ಮೇಲೆ ಬಿಟ್ಟರೆ ಸಣ್ಣ ಚುಕ್ಕೆಗೆ ಇಳಿಸಲು ಆಗುವುದಿಲ್ಲ.

ಇಲ್ಲಿ ಗಾಜಿನ ಎಳೆಯ ಕೆಲಸ ಶುರು. ಈ ಎಳೆಯಲ್ಲಿ ಮೂರು ಪದರ ಇದೆ. ಒಳಗಿನ ತಿರುಳು ಬಹಳ ಸಣ್ಣದು, ಹತ್ತಿಪ್ಪತ್ತು ಮೈಕ್ರೋಮೀಟರ್ ಅಗಲ. ಅದರ ಗಾಜಿನಲ್ಲಿ ಯಿಟರ್ಬಿಯಂ ಎಂಬ ಅಪರೂಪದ ಲೋಹದ ಅಯಾನುಗಳನ್ನು ಬೆರೆಸಿರುತ್ತಾರೆ. ತಿರುಳಿನ ಸುತ್ತ ಇನ್ನೊಂದು ಗಾಜಿನ ಪದರ, 400 ಮೈಕ್ರೋಮೀಟರ್‌ವರೆಗೂ ಅಗಲ. ಅದರ ಮೇಲೆ ಹೊರಗಿನ ಹೊದಿಕೆ. ಡಯೋಡ್‌ಗಳ ಒರಟು ಬೆಳಕನ್ನು ತುಂಬುವುದು ಮಧ್ಯದ ಅಗಲ ಪದರಕ್ಕೆ. ಅಲ್ಲಿ ಅದು ಹೊರಹೋಗಲಾರದೆ ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಎಳೆಯುದ್ದಕ್ಕೂ ಸಾಗುತ್ತದೆ. ಹಾಗೆ ಸಾಗುವಾಗ ಮತ್ತೆ ಮತ್ತೆ ತಿರುಳನ್ನು ದಾಟುತ್ತದೆ. ದಾಟಿದಾಗೆಲ್ಲ ಯಿಟರ್ಬಿಯಂ ಸ್ವಲ್ಪ ಸ್ವಲ್ಪ ಹೀರಿಕೊಳ್ಳುತ್ತದೆ.

ಒಂದು ಸಣ್ಣ ಜಾಣತನ ನೋಡಿ. ಈ ಮಧ್ಯದ ಪದರವನ್ನು ಪೂರ್ತಿ ಗುಂಡಗೆ ಮಾಡಿದರೆ ಕೆಲವು ಕಿರಣಗಳು ಅಂಚಿನಲ್ಲೇ ಸುತ್ತು ಹೊಡೆಯುತ್ತಾ, ತಿರುಳಿನ ಹತ್ತಿರವೂ ಸುಳಿಯದೆ ಆಚೆ ತುದಿ ತಲುಪಿಬಿಡುತ್ತವೆ. ಅದಕ್ಕೇ ಅದನ್ನು ಎಂಟು ಮೂಲೆಯದಾಗಿ, ಇಲ್ಲವೇ ಒಂದು ಬದಿ ಚಪ್ಪಟೆಯಾಗಿ ಮಾಡುತ್ತಾರೆ. ಆಗ ತಪ್ಪಿಸಿಕೊಳ್ಳುವ ದಾರಿ ಇರುವುದಿಲ್ಲ.

ಬೆಳಕು ಹೀರಿದ ಯಿಟರ್ಬಿಯಂ ಅಯಾನು ಸುಮಾರು ಒಂದು ಮಿಲಿಸೆಕೆಂಡ್ ಶಕ್ತಿ ತುಂಬಿಕೊಂಡು ಕಾಯುತ್ತದೆ. ಅಷ್ಟರಲ್ಲಿ 1070 ನ್ಯಾನೋಮೀಟರ್ ಆಸುಪಾಸಿನ ಒಂದು ಬೆಳಕಿನ ಕಣ ಹಾದುಹೋದರೆ, ತನ್ನಲ್ಲಿದ್ದ ಶಕ್ತಿಯನ್ನು ಅದೇ ಬಣ್ಣದ, ಅದೇ ದಿಕ್ಕಿನ, ಅದೇ ತಾಳದ ಇನ್ನೊಂದು ಕಣವಾಗಿ ಬಿಟ್ಟುಕೊಡುತ್ತದೆ. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಐನ್‌ಸ್ಟೈನ್ ಇದನ್ನು 1917ರಲ್ಲೇ ಕಾಗದದ ಮೇಲೆ ಹೇಳಿದ್ದರು. ಬೆಳಕು ಹಿಂದೆ ಮುಂದೆ ಓಡಾಡಿ ಹೀಗೆ ಬೆಳೆಯಲು ಎಳೆಯ ಎರಡು ತುದಿಯಲ್ಲಿ ಕನ್ನಡಿ ಬೇಕಲ್ವಾ, ಬಿಡಿ ಕನ್ನಡಿ ಇಡುವ ಬದಲು ಅದನ್ನೂ ಗಾಜಿನೊಳಗೇ ಬರೆದಿರುತ್ತಾರೆ. ಅಲ್ಟ್ರಾವಯಲೆಟ್ ಬೆಳಕಿನಿಂದ ತಿರುಳಿನಲ್ಲಿ ಅತಿ ಸಣ್ಣ ಪಟ್ಟೆಗಳನ್ನು ಮೂಡಿಸಿದರೆ ಆ ಜಾಗವೇ ಕನ್ನಡಿಯಾಗುತ್ತದೆ. ಒಂದು ತುದಿ ಹೆಚ್ಚುಕಡಿಮೆ ಎಲ್ಲ ಬೆಳಕನ್ನೂ ಹಿಂದಕ್ಕೆ ಕಳಿಸುತ್ತದೆ. ಇನ್ನೊಂದು ತುದಿ ಸ್ವಲ್ಪ ಮಾತ್ರ ಹಿಂದಕ್ಕೆ ಕಳಿಸಿ ಉಳಿದದ್ದನ್ನು ಹೊರಗೆ ಬಿಡುತ್ತದೆ. ಒರೆಸಬೇಕಿಲ್ಲ, ಹೊಂದಿಸಬೇಕಿಲ್ಲ.

ಒಟ್ಟು ವ್ಯಾಪಾರ ಏನು? ಅಗಲ ಪದರಕ್ಕೆ ಎಲ್ಲ ದಿಕ್ಕಿನಿಂದ ನುಗ್ಗಿದ ಬೆಳಕು, ಸಣ್ಣ ತಿರುಳಿನಿಂದ ಒಂದೇ ದಿಕ್ಕಿಗೆ ಹೊರಬಂತು. ವ್ಯಾಟ್ ಸ್ವಲ್ಪ ಕಡಿಮೆಯಾಯಿತು. ಹೊಳಪು ಮಾತ್ರ ಸಾವಿರಾರು ಪಟ್ಟು ಏರಿತು. 976 ತಿಂದು 1070 ಕೊಡುವುದರಿಂದ ಬಣ್ಣ ಬದಲಿಸುವುದಕ್ಕೆ ಕಟ್ಟುವ ಸುಂಕ ನೂರಕ್ಕೆ 9 ಮಾತ್ರ.

ಆ ಸುಂಕ ಶಾಖವಾಗಿ ಹೋಗುತ್ತದೆ. ಇಲ್ಲಿ ಎಳೆಯ ಆಕಾರ ಕೈಹಿಡಿಯುತ್ತದೆ. ಬಿಸಿ ರಾಗಿ ಮುದ್ದೆಯನ್ನು ಹಾಗೇ ಇಟ್ಟರೆ ಹೊರಗೆ ಆರಿದರೂ ನಡುವೆ ಕೈ ಸುಡುತ್ತದೆ. ಅದೇ ಹಿಟ್ಟನ್ನು ಶಾವಿಗೆ ಒತ್ತಿದರೆ ತಟ್ಟೆಗೆ ಬೀಳುವಷ್ಟರಲ್ಲಿ ಆರಿರುತ್ತದೆ. ಹಳೆಯ ಸ್ಫಟಿಕದ ಲೇಸರ್‌ಗಳು ಮುದ್ದೆಯ ಜಾತಿ. ನಡುವೆ ಕಾದು, ಸ್ಫಟಿಕವೇ ಮಸೂರದಂತಾಗಿ ಕಿರಣ ಕೆಡುತ್ತಿತ್ತು. ಗಾಜಿನ ಎಳೆಯಲ್ಲಿ ಶಾಖ ಹುಟ್ಟಿದ ಜಾಗದಿಂದ ಮೇಲ್ಮೈಗೆ ಮಿಲಿಮೀಟರ್‌ನ ಒಂದು ತುಣುಕಿನಷ್ಟೇ ದೂರ.

ಕರೆಂಟ್ ಬಿಲ್ ನೋಡುವವರಿಗೆ ಇನ್ನೊಂದು ಲೆಕ್ಕ. ಒಳ್ಳೆಯ ಫೈಬರ್ ಲೇಸರ್ ಇವತ್ತು ಪ್ಲಗ್‌ನಿಂದ ಎಳೆದದ್ದರಲ್ಲಿ ನೂರಕ್ಕೆ 40ರ ಆಸುಪಾಸು ಬೆಳಕಾಗಿ ಕೊಡುತ್ತದೆ. 6 ಕಿಲೋವ್ಯಾಟ್ ಬೆಳಕಿಗೆ 15 ಕಿಲೋವ್ಯಾಟ್ ವಿದ್ಯುತ್. ಹಳೆಯ ಕಾರ್ಬನ್ ಡೈಆಕ್ಸೈಡ್ ಲೇಸರ್‌ಗೆ ಅಷ್ಟೇ ಬೆಳಕಿಗೆ 60 ಬೇಕು. ಉಳಿದ 54 ಶಾಖವಾಗಿ ಬರುತ್ತದೆ, ಅದನ್ನು ತಣಿಸಲು ಚಿಲ್ಲರ್‌ಗೆ ಮತ್ತಷ್ಟು ವಿದ್ಯುತ್. ಸಣ್ಣ ಶೆಡ್ಡಿನಲ್ಲಿ ಲೇಸರ್ ಇಟ್ಟುಕೊಳ್ಳುವುದು ಸಾಧ್ಯವಾಗಿದ್ದೇ ಇದರಿಂದ.

ಈ ಐಡಿಯಾ ಹೊಸದೇನಲ್ಲ. ಮೊದಲ ಲೇಸರ್ ಉರಿದದ್ದು 1960ರಲ್ಲಿ. ಮರುವರ್ಷವೇ ಎಲಿಯಾಸ್ ಸ್ನಿಟ್ಜರ್ ಎಂಬ ಅಮೆರಿಕದ ವಿಜ್ಞಾನಿ ಗಾಜಿನಿಂದ ಲೇಸರ್ ತೆಗೆದಿದ್ದರು. ಮೇಲೆ ಹೇಳಿದ, ತಿರುಳಿನ ಸುತ್ತ ಎರಡು ಹೊದಿಕೆಯ ಎಳೆಯ ಉಪಾಯ ಬಂದದ್ದು 1988ರಲ್ಲಿ, ಅದರಲ್ಲೂ ಅವರ ಕೈ ಇತ್ತು. ನಡುವೆ ಟೆಲಿಫೋನ್ ಜಗತ್ತು ಇದನ್ನು ಬೇರೆ ಕಾರಣಕ್ಕೆ ಸಾಕಿತು. ಎರ್ಬಿಯಂ ಬೆರೆಸಿದ ಗಾಜಿನ ಎಳೆ ದೂರದಿಂದ ಬಂದು ಸೊರಗಿದ ಸಂದೇಶವನ್ನು ಬೆಳಕಿನ ರೂಪದಲ್ಲೇ ದೊಡ್ಡದು ಮಾಡುತ್ತದೆ ಎಂದು 1987ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ತೋರಿಸಿದರು. ಸಮುದ್ರದಡಿಯ ಇಂಟರ್ನೆಟ್ ಕೇಬಲ್‌ಗಳು ನಡೆಯುವುದೇ ಅದರಿಂದ. ಆ ಉದ್ಯಮಕ್ಕಾಗಿ ಬೆಳೆದ ಡಯೋಡು, ಎಳೆ, ಬೆಸೆಯುವ ಕೈಚಳಕ ಎಲ್ಲವೂ ಕಬ್ಬಿಣ ಕತ್ತರಿಸಲು ಬಂತು. ಅದನ್ನು ದೊಡ್ಡ ಉದ್ಯಮ ಮಾಡಿದವರು ರಷ್ಯಾ ಮೂಲದ ವ್ಯಾಲೆಂಟಿನ್ ಗಪೊಂತ್ಸೆವ್, ಐಪಿಜಿ ಫೋಟೋನಿಕ್ಸ್ ಕಂಪನಿ ಕಟ್ಟಿದವರು. ಆಮೇಲೆ ಚೀನಾದ ಕಂಪನಿಗಳು ಇಳಿದವು, ಬೆಲೆ ಕುಸಿಯಿತು, ಹೊಸೂರಿನ ಶೆಡ್ಡಿಗೂ ಬಂತು.

ಈಗ ಅರ್ಧ ಪ್ರಶ್ನೆಗೆ ಬರೋಣ. ದೊಡ್ಡ ಕಟಿಂಗ್ ಮಷಿನ್‌ಗಳಲ್ಲಿ ಹಲವು ಮಾಡ್ಯೂಲ್‌ಗಳ ಬೆಳಕನ್ನು ಕೂಡಿಸಿ 50 ಅಥವಾ 100 ಮೈಕ್ರಾನ್ (ಮೈಕ್ರೋಮೀಟರ್‌ಗೇ ಇನ್ನೊಂದು ಹೆಸರು) ತಿರುಳಿನ ಎಳೆಯೊಂದಕ್ಕೆ ತುಂಬಿ ಹೆಡ್‌ಗೆ ಕಳಿಸುತ್ತಾರೆ. ಹೀಗೆ ಕೂಡಿಸಿದಾಗ ವ್ಯಾಟ್ ಏರುತ್ತದೆ. ಹೊಳಪು ಏರುವುದಿಲ್ಲ. ಇವತ್ತು 30, 40, 60 ಕಿಲೋವ್ಯಾಟ್ ಯಂತ್ರಗಳೂ ಮಾರಾಟಕ್ಕಿವೆ. ದಪ್ಪ ಪ್ಲೇಟ್ ಕತ್ತರಿಸುವವರಿಗೆ ಅವು ಬೇಕು. ದಿನವಿಡೀ 1 ಮಿಲಿಮೀಟರ್ ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್) ತಗಡಿನ ಪ್ಯಾನೆಲ್ ಕತ್ತರಿಸುವವನಿಗೆ 50 ಮೈಕ್ರಾನ್ ಎಳೆಯ 3 ಕಿಲೋವ್ಯಾಟ್ ಮಷಿನ್ನೇ ಚೆನ್ನಾಗಿ ದುಡಿದುಕೊಡುತ್ತದೆ. 20 ಮಿಲಿಮೀಟರ್ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟ್‌ಗೆ ಕಥೆ ಉಲ್ಟಾ. ಸೀಳು ಬಹಳ ಸಣ್ಣದಾದರೆ ಕರಗಿದ ಲೋಹ ಕೆಳಗೆ ಬೀಳಲು ದಾರಿಯೇ ಇರುವುದಿಲ್ಲ, ಅಡಿಯಲ್ಲಿ ಡ್ರಾಸ್, ಅಂದರೆ ಗಟ್ಟಿಯಾದ ಲೋಹದ ಗಸಿ, ಕಟ್ಟಿಕೊಳ್ಳುತ್ತದೆ. ಅಲ್ಲಿ ಅಗಲ ಚುಕ್ಕೆಯೇ ವಾಸಿ. ಆದ್ದರಿಂದ ಎಷ್ಟು ಕಿಲೋವ್ಯಾಟ್ ಅಂತ ಕೇಳಿದ ಮೇಲೆ ಎಷ್ಟು ಮೈಕ್ರಾನ್ ಅಂತಲೂ ಕೇಳಿ. ಕರಗಿದ ಲೋಹವನ್ನು ಊದಿ ಹೊರಹಾಕಲು ಕಿರಣದ ಜೊತೆ ಬಿಡುವ ಗ್ಯಾಸ್ ಯಾವುದು ಅಂತಲೂ ಕೇಳಿ. ಆಕ್ಸಿಜನ್ ಆದರೆ ಕಬ್ಬಿಣವೇ ಸ್ವಲ್ಪ ಉರಿದು ಲೇಸರ್‌ಗೆ ನೆರವಾಗುತ್ತದೆ, ಅಂಚು ಮಾತ್ರ ಕಪ್ಪಾಗುತ್ತದೆ. ನೈಟ್ರೋಜನ್ ಆದರೆ ಅಂಚು ಬೆಳ್ಳಗೆ, ಖರ್ಚು ಜಾಸ್ತಿ. ಲೇಸರ್ ಶಕ್ತಿ ಏರಿದ್ದರಿಂದ ಬಂದ ಒಂದು ಲಾಭ ಎಂದರೆ, ಒಣಗಿಸಿ ಶುದ್ಧ ಮಾಡಿದ ಬರೀ ಗಾಳಿಯಲ್ಲೇ ಎಷ್ಟೋ ಕೆಲಸ ಆಗುತ್ತಿದೆ. ಗಾಳಿಯಲ್ಲಿ ನೂರಕ್ಕೆ 78 ನೈಟ್ರೋಜನ್ನೇ ಅಲ್ವಾ.

ಹಾಗಾದರೆ ಒಂದೇ ಎಳೆಯಿಂದ ಎಷ್ಟು ಬೇಕಾದರೂ ಬೆಳಕು ತೆಗೆಯಬಹುದಾ? ಇಲ್ಲ. ಅಡ್ಡ ನಿಲ್ಲುವುದು ಬೆಂಗಳೂರಿಗೆ ಬಹಳ ಹತ್ತಿರದ ಹೆಸರು, ಸಿ.ವಿ. ರಾಮನ್. 1928ರಲ್ಲಿ ಅವರು ಕಂಡ ಪರಿಣಾಮವೇ ಇಲ್ಲಿ ದೈತ್ಯನಾಗುತ್ತದೆ. ಅಷ್ಟು ಸಣ್ಣ ತಿರುಳಿನಲ್ಲಿ ಅಷ್ಟು ಬೆಳಕು ಅಷ್ಟುದ್ದ ಓಡಿದರೆ ಗಾಜಿನ ಅಣುಗಳ ಕಂಪನಕ್ಕೆ ಶಕ್ತಿ ಸೋರಿ, 1070ರ ಬೆಳಕು 1120 ನ್ಯಾನೋಮೀಟರ್ ಆಸುಪಾಸಿಗೆ ಜಾರುತ್ತದೆ. ಒಮ್ಮೆ ಶುರುವಾದರೆ ಅದು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ತಿರುಳನ್ನು ದಪ್ಪ ಮಾಡಿದರೆ ತಪ್ಪಿಸಬಹುದು. ಆದರೆ ದಪ್ಪ ತಿರುಳಿನಲ್ಲಿ ಬೆಳಕಿಗೆ ಓಡಲು ಹಲವು ದಾರಿಗಳು ತೆರೆದುಕೊಳ್ಳುತ್ತವೆ. ಒಂದು ಮಿತಿ ದಾಟಿದೊಡನೆ ಕಿರಣ ಒಂದು ದಾರಿಯಿಂದ ಇನ್ನೊಂದಕ್ಕೆ ಹಾರಾಡತೊಡಗುತ್ತದೆ. ಈ ಕಾಟ 2010ರ ಆಸುಪಾಸಿನಲ್ಲಿ ಬೆಳಕಿಗೆ ಬಂತು, ಇನ್ನೂ ಸಂಶೋಧಕರ ನಿದ್ದೆ ಕೆಡಿಸುತ್ತಿದೆ. ಅದೇ ಹೊತ್ತಿಗೆ ರಾಮನ್ ಜಾರುವಿಕೆಯನ್ನು ಬೇಕೆಂದೇ ಬಳಸಿ, ಯಾವ ಲೋಹದ ಅಯಾನಿಗೂ ಎಟುಕದ ತರಂಗಾಂತರಗಳ ಬೆಳಕು ತೆಗೆಯುವ ಕೆಲಸವೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇಂಥ ರಾಮನ್ ಫೈಬರ್ ಲೇಸರ್‌ಗಳ ಮೇಲೆ ಸಂಶೋಧನೆ ಇದೆ.

ಹೀಗಾಗಿ ಈಚಿನ ವರ್ಷಗಳ ನಿಜವಾದ ಪ್ರಗತಿ ವ್ಯಾಟ್ ಏರಿಸುವುದಕ್ಕಿಂತ ಚುಕ್ಕೆಯ ಆಕಾರ ಬದಲಿಸುವುದರಲ್ಲಿ ಆಗಿದೆ ಎಂಬುದು ನನ್ನ ಅನಿಸಿಕೆ. ಇದು ಹೆಚ್ಚು ಬೇಕಾಗಿರುವುದು ತಾಮ್ರಕ್ಕೆ. ಕೃಷ್ಣಗಿರಿ ಜಿಲ್ಲೆ ಈಗ ವಿದ್ಯುತ್ ಸ್ಕೂಟರ್‌ಗಳ ಜಿಲ್ಲೆ. ಹೊಸೂರಿನಲ್ಲಿ ಟಿವಿಎಸ್, ಏಥರ್, ಆಚೆ ಪೋಚಂಪಳ್ಳಿಯಲ್ಲಿ ಓಲಾ. ಬ್ಯಾಟರಿ ಅಂದ ಮೇಲೆ ತಾಮ್ರ, ಅಲ್ಯೂಮಿನಿಯಂ ಪಟ್ಟಿಗಳನ್ನು ಬೆಸೆಯಲೇಬೇಕು. ಬೆಸೆಯುವ ವಿಧಾನ ಹಲವು ಇವೆ, ಲೇಸರ್ ಅದರಲ್ಲಿ ಮುಖ್ಯವಾದದ್ದು. ಕಷ್ಟ ಏನೆಂದರೆ ತಣ್ಣಗಿನ ತಾಮ್ರ ಈ ಬೆಳಕಿನಲ್ಲಿ ನೂರಕ್ಕೆ 5ರಷ್ಟು ಮಾತ್ರ ಹೀರುತ್ತದೆ, ಉಳಿದದ್ದನ್ನು ಹಿಂದಕ್ಕೆ ಎಸೆಯುತ್ತದೆ. ಹಿಂದಕ್ಕೆ ಬಂದ ಬೆಳಕು ಎಳೆಯೊಳಗೆ ನುಗ್ಗಿ ಲೇಸರನ್ನೇ ಸುಡಬಹುದು. ತಾಮ್ರ, ಹಿತ್ತಾಳೆ ಅಂದರೆ ಹಳೆಯ ಮಷಿನ್ ಮಾಲೀಕರು ಕೈ ಮುಗಿಯುತ್ತಿದ್ದುದು ಇದಕ್ಕೇ. ಕರಗಿದ ಕೂಡಲೇ ತಾಮ್ರದ ಬುದ್ಧಿ ಬದಲಾಗುತ್ತದೆ. ಗಬಗಬ ಹೀರಿಕೊಂಡು, ಕುದ್ದು, ಹನಿ ಹನಿಯಾಗಿ ಸಿಡಿಯುತ್ತದೆ. ಬ್ಯಾಟರಿಯೊಳಗೆ ಸಿಡಿದ ಒಂದು ತಾಮ್ರದ ಹನಿ ಶಾರ್ಟ್ ಆಗಲು ಸಾಕು.

ಪರಿಹಾರವಾಗಿ ಬಂದದ್ದು ಉಂಗುರದ ಕಿರಣ. ಒಂದೇ ಎಳೆಯಲ್ಲಿ ನಡುವೆ ಒಂದು ತಿರುಳು, ಅದರ ಸುತ್ತ ಉಂಗುರದಂಥ ಇನ್ನೊಂದು ತಿರುಳು. ಎರಡರ ಶಕ್ತಿಯನ್ನೂ ಬೇರೆ ಬೇರೆಯಾಗಿ ಏರಿಸಿ ಇಳಿಸಬಹುದು. ಉಂಗುರ ಸುತ್ತಲಿನ ಲೋಹವನ್ನು ಹದವಾಗಿ ಕಾಯಿಸಿ, ಕರಗಿದ ಕೊಳದ ಬಾಯಿ ಅಗಲವಾಗಿ ಇಡುತ್ತದೆ. ನಡುವಿನ ಚುಕ್ಕೆ ಆಳಕ್ಕೆ ಇಳಿಯುತ್ತದೆ. ಆವಿ ಸಲೀಸಾಗಿ ಹೊರಬರುವುದರಿಂದ ಸಿಡಿತ ಬಹಳ ಕಡಿಮೆ. ನೀಲಿ ಡಯೋಡ್ ಲೇಸರ್‌ಗಳೂ ಬಂದಿವೆ, ತಾಮ್ರ ನೀಲಿ ಬೆಳಕನ್ನು ಅರ್ಧಕ್ಕಿಂತ ಹೆಚ್ಚು ಹೀರುತ್ತದೆ. ಅವುಗಳಿಗೆ ಫೈಬರ್ ಲೇಸರ್‌ನ ಹೊಳಪು ಇನ್ನೂ ಸಿಕ್ಕಿಲ್ಲ.

ವ್ಯಾಟ್ ನೋಡಿ ಮೋಸ ಹೋಗಬಾರದು ಎನ್ನುವುದಕ್ಕೆ ಒಳ್ಳೆಯ ಉದಾಹರಣೆ ಮಾರ್ಕಿಂಗ್ ಮಷಿನ್. ಅದು ಬರೀ 20 ವ್ಯಾಟ್, ಒಂದು ಬಲ್ಬಿನಷ್ಟು. ಆದರೆ ಆ ಶಕ್ತಿಯನ್ನು ಸೆಕೆಂಡಿಗೆ 20,000 ತುಣುಕಾಗಿ, ಒಂದೊಂದನ್ನೂ 100 ನ್ಯಾನೋಸೆಕೆಂಡ್‌ನಲ್ಲಿ ಬಿಟ್ಟರೆ, ಆ ಗಳಿಗೆಯ ಶಕ್ತಿ 10 ಕಿಲೋವ್ಯಾಟ್. ಬೇರಿಂಗ್ ಮೇಲಿನ ನಂಬರ್, ಬ್ರೇಕ್ ಭಾಗದ ಕ್ಯೂಆರ್ ಕೋಡ್ ಹೀಗೇ ಕೆತ್ತುತ್ತಾರೆ. 2023ರ ಏಪ್ರಿಲ್ 1ರಿಂದ ಚಿನ್ನದ ಒಡವೆ ಮೇಲೆ ಕಡ್ಡಾಯವಾದ ಆರು ಅಕ್ಷರ-ಅಂಕಿಯ ಹಾಲ್‌ಮಾರ್ಕ್ ಗುರುತೂ ಲೇಸರ್ ಕೆತ್ತನೆಯೇ. ಇನ್ನೂ ಸ್ವಲ್ಪ ದೊಡ್ಡ ಪಲ್ಸ್ ಲೇಸರ್ ಆದರೆ ತುಕ್ಕು ತೆಗೆಯುತ್ತದೆ. ತುಕ್ಕು ಬೆಳಕನ್ನು ಚೆನ್ನಾಗಿ ಹೀರಿ ಹಾರಿಹೋಗುತ್ತದೆ, ಕೆಳಗಿನ ಲೋಹ ಬಹುಪಾಲು ಪ್ರತಿಫಲಿಸಿ ಉಳಿದುಕೊಳ್ಳುತ್ತದೆ.

ಆಸ್ಪತ್ರೆಯಲ್ಲಿ ಯಿಟರ್ಬಿಯಂ ಬದಲು ಥೂಲಿಯಂ. ಅದರ 1940 ನ್ಯಾನೋಮೀಟರ್ ಬೆಳಕನ್ನು ನೀರು ಹಳೆಯ ಹೋಲ್ಮಿಯಂ ಲೇಸರ್ ಬೆಳಕಿಗಿಂತ ಸುಮಾರು 4 ಪಟ್ಟು ಹೀರುತ್ತದೆ. ಕಿಡ್ನಿ ಕಲ್ಲನ್ನು ತುಂಡು ಮಾಡುವ ಬದಲು ಪುಡಿ ಮಾಡಲು ಇದು ಅನುಕೂಲ.

ಇನ್ನು ಗಡಿಯ ಆ ಕಡೆ, ಆಂಧ್ರದ ಕರ್ನೂಲಿನಲ್ಲಿ 2025ರ ಏಪ್ರಿಲ್ 13ರಂದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ವಾಹನದ ಮೇಲೆ ಕೂರಿಸಿದ 30 ಕಿಲೋವ್ಯಾಟ್ ಲೇಸರ್ ಆಯುಧದಿಂದ ಡ್ರೋನ್ ಹೊಡೆದು ತೋರಿಸಿತು. ನಮ್ಮ ಕಟಿಂಗ್ ಮಷಿನ್ನೂ 30 ಕಿಲೋವ್ಯಾಟ್ ಇದೆಯಲ್ಲ ಅಂತ ಯಾರಾದರೂ ಕೇಳಬಹುದು. ಇದೆ, ಆದರೆ ಅದರ ಚುಕ್ಕೆ ಹೆಡ್‌ನಿಂದ ಒಂದು ಗೇಣಿನೊಳಗೆ ಮಾತ್ರ ಚುರುಕು. ಕಿಲೋಮೀಟರ್ ದೂರಕ್ಕೆ ಹೊಳಪು ಬೇಕು. ಅಮೆರಿಕದ ನೌಕಾಪಡೆ 2014ರಲ್ಲಿ ಪೋನ್ಸ್ ಹಡಗಿನ ಮೇಲೆ ಇಟ್ಟ ಆಯುಧದಲ್ಲಿ ಕಾರ್ಖಾನೆಯ ಆರು ಬೆಸುಗೆ ಲೇಸರ್‌ಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಒಂದೇ ಗುರಿಗೆ ತಿರುಗಿಸಿದ್ದರು. ಆಮೇಲಿನವುಗಳಲ್ಲಿ ತುಸು ತುಸು ಬೇರೆ ತರಂಗಾಂತರದ ಕಿರಣಗಳನ್ನು ಗ್ರೇಟಿಂಗ್ (ಸೂಕ್ಷ್ಮ ಗೆರೆಗಳ ಫಲಕ) ಒಂದರ ಮೇಲೆ ಬೀಳಿಸಿ, ಒಂದರ ಮೇಲೊಂದು ಕೂರುವಂತೆ ಮಾಡುತ್ತಾರೆ. ಆಗ ವ್ಯಾಟ್ ಜೊತೆ ಹೊಳಪೂ ಏರುತ್ತದೆ.

ಈಗ ನಮ್ಮ ಊರಿನ ಗೇಟು, ಗ್ರಿಲ್ಲು ಮಾಡುವ ಅಂಗಡಿಗೂ ಬಂದಿರುವ ಕೈಲೇಸರ್ ವೆಲ್ಡಿಂಗ್ ವಿಚಾರ. 1.5 ಅಥವಾ 2 ಕಿಲೋವ್ಯಾಟ್, ಚೀನಾದ ಮಾಲು, ಕಲಿಯಲು ಸುಲಭ. ತೆಳು ಎಸ್.ಎಸ್. ತಗಡು ವಾಲದೆ ಬೆಸೆಯುತ್ತದೆ, ಗ್ರೈಂಡಿಂಗ್ ಅಷ್ಟಾಗಿ ಬೇಡ. ಕೆಲಸ ಚೆನ್ನ, ಒಪ್ಪೋಣ. ಆದರೆ ಆರ್ಕ್ ವೆಲ್ಡಿಂಗ್ ಅಭ್ಯಾಸದಲ್ಲೇ ಇದನ್ನು ಹಿಡಿಯುವವರನ್ನು ನೋಡಿದರೆ ಭಯವಾಗುತ್ತದೆ. 1070 ನ್ಯಾನೋಮೀಟರ್ ಬೆಳಕು ಕಾಣುವುದಿಲ್ಲ, ಹಾಗಾಗಿ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ಆದರೂ ಅದು ಕಣ್ಣಿನ ಮಸೂರ ದಾಟಿ ರೆಟಿನಾವರೆಗೆ ಹೋಗುತ್ತದೆ. ಅಲ್ಲಿಗೆ ತಲುಪುವಾಗ ಸುಮಾರು ಒಂದು ಲಕ್ಷ ಪಟ್ಟು ಸಾಂದ್ರವಾಗಿರುತ್ತದೆ. ಹಳೆಯ ಕಾರ್ಬನ್ ಡೈಆಕ್ಸೈಡ್ ಲೇಸರನ್ನು ಸಾಮಾನ್ಯ ಅಕ್ರಿಲಿಕ್ ಹಲಗೆಯೂ ತಡೆಯುತ್ತಿತ್ತು. ಇದು ಅದರ ಮೂಲಕ ನೇರ ಹೊರಗೆ ಬರುತ್ತದೆ. ಫೈಬರ್ ಕಟಿಂಗ್ ಮಷಿನ್ ಕಿಟಕಿಗೆ ಬೇರೆಯೇ ಬಗೆಯ ಬಣ್ಣದ ಹಲಗೆ ಹಾಕುವುದು ಅದಕ್ಕೇ. ಆರ್ಕ್ ವೆಲ್ಡಿಂಗ್ ಹೆಲ್ಮೆಟ್ ಈ ಬೆಳಕಿಗಾಗಿ ಮಾಡಿದ್ದಲ್ಲ.

ಕೈಲೇಸರ್‌ಗೆ ಒಂದು ಕ್ಲಿಪ್ ಕೊಟ್ಟಿರುತ್ತಾರೆ. ಅದನ್ನು ಲೋಹಕ್ಕೆ ಕಚ್ಚಿಸಿ, ನಾಝಲ್ ಲೋಹ ಮುಟ್ಟಿದಾಗ ಮಾತ್ರ ಲೇಸರ್ ಉರಿಯುತ್ತದೆ. ಕೆಲಸ ಬೇಗ ಆಗಲಿ ಅಂತ ಆ ಕ್ಲಿಪ್ಪನ್ನು ನಾಝಲ್‌ಗೇ ಕಚ್ಚಿಸಿ ಬಿಡುವ ಪುಣ್ಯಾತ್ಮರಿದ್ದಾರೆ. ಆಗ ಕೈಯಲ್ಲಿರುವುದು ಗಾಳಿಯಲ್ಲೂ ಉರಿಯುವ 2 ಕಿಲೋವ್ಯಾಟ್ ಬಂದೂಕು. ಪಕ್ಕದ ಎಸ್.ಎಸ್. ಪೈಪಿನಿಂದ ಪುಟಿದ ಕಿರಣ ಶೆಡ್ಡಿನ ಆ ಮೂಲೆಯಲ್ಲಿ ಟೀ ಕುಡಿಯುತ್ತಿರುವವನ ಕಣ್ಣಿಗೂ ಬೀಳಬಹುದು. ಆದ್ದರಿಂದ ಸುತ್ತ ಪರದೆ ಬೇಕು, ಕನ್ನಡಕ ಒಳಗಿರುವ ಎಲ್ಲರಿಗೂ ಬೇಕು. ಕನ್ನಡಕ ಕೊಳ್ಳುವಾಗ ಬಣ್ಣ ನೋಡಬೇಡಿ. ಅದರ ಮೇಲೆ ಎರಡು ಅಂಕಿ ಇರಬೇಕು. ಒಂದು ತರಂಗಾಂತರದ ವ್ಯಾಪ್ತಿ, ಅದರಲ್ಲಿ 1070 ಸೇರಿರಬೇಕು. ಇನ್ನೊಂದು ಓಡಿ (ಆಪ್ಟಿಕಲ್ ಡೆನ್ಸಿಟಿ), ಅಂದರೆ ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ. ಓಡಿ 6 ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಬರುತ್ತದೆ. 2,000 ವ್ಯಾಟ್ ನೇರ ಬಿದ್ದರೂ ದಾಟುವುದು 2 ಮಿಲಿವ್ಯಾಟ್. ಅಷ್ಟು ಬಿದ್ದರೆ ಕನ್ನಡಕದ ಪ್ಲಾಸ್ಟಿಕ್ ಎಷ್ಟು ಹೊತ್ತು ಕರಗದೆ ನಿಂತೀತು ಎಂಬುದು ಬೇರೆ ಪ್ರಶ್ನೆ. ಅದು ಚದುರಿದ ಬೆಳಕಿಗೆ ಮಾಡಿದ್ದು, ಕಿರಣಕ್ಕೆ ಎದುರು ನಿಲ್ಲಲು ಅಲ್ಲ.